ನೆರಿಗೆಯ ನಿಲುವಂಗಿ

ಹೊಲಿಗೆಯವಳ ಕೈಚಳಕಕ್ಕೆ ಆ ಬೀದಿಯಲ್ಲಿ ಸಾಟಿಯಿರಲಿಲ್ಲ. ಗೂನು ಬೆನ್ನೂ ನೆಟ್ಟಗೆ ಕಾಣುವಂತೆ ಹೊಲಿಯುತ್ತಿದ್ದಳು. ಸೊಸೆ ಬಸಿರೆಂದು ತಿಳಿದ ದಿನ ಗಿರಾಕಿಗಳ ಬಟ್ಟೆಯನ್ನೆಲ್ಲ ಪಕ್ಕಕ್ಕಿಟ್ಟು, ಎದೆಯ ಕೆಳಗೆ ಒತ್ತೊತ್ತಾಗಿ ನೆರಿಗೆ ಹಿಡಿದು ಅವಳಿಗೊಂದು ಸಡಿಲ ನಿಲುವಂಗಿ ಹೊಲಿದಳು.

“ಇದನ್ನ ಹಾಕ್ಕೊಂಡ್ರೆ ಯಾರಿಗೂ ಗೊತ್ತಾಗಲ್ಲ.”

“ಅತ್ತೆ, ಒಂದ್ಸಲ ಆಸ್ಪತ್ರೆಗೆ ತೋರಿಸ್ಕೊಂಡು ಬರೋಣ್ವಾ? ತುಂಬಾ ತಲೆ ಸುತ್ತುತ್ತೆ.”

“ಬಸಿರಲ್ಲಿ ತಲೆ ಸುತ್ತದೆ ಇನ್ನೇನು? ಅಲ್ಲಿ ಸಾಲಲ್ಲಿ ಕೂತ್ರೆ ಬೀದಿಗೆಲ್ಲ ಡಂಗುರ ಹೊಡೆದ ಹಾಗೆ. ಕೂಸು ಹುಟ್ಟೋಕೆ ಮುಂಚೆ ಕುಲಾವಿ ಬೇಡ ಕಣಮ್ಮ. ಏಳು ತುಂಬ್ಲಿ, ನಾನೇ ಕರ್ಕೊಂಡು ಹೋಗ್ತೀನಿ.”

ಲಾರಿ ಓಡಿಸುವ ಮಗ ಮನೆಯಲ್ಲಿರುವುದೇ ಅಪರೂಪ. ಅಲ್ಲಿ ಹೊಲಿಗೆಯವಳ ಮಾತೇ ನಡೆಯುತ್ತಿತ್ತು. ಅವಳು ಹೆದರುತ್ತಿದ್ದುದು ಎದುರು ಮನೆಯ ಇಸ್ತ್ರಿಯವಳ ಕಣ್ಣಿಗೆ. ಮಕ್ಕಳಿಲ್ಲದವಳು, ಹಗಲೆಲ್ಲ ಕಿಟಕಿಯ ಬಳಿಯೇ ನಿಂತು ಇಸ್ತ್ರಿ ಮಾಡುವವಳು. ಒಮ್ಮೆ ಅವಳು, “ಅಕ್ಕ, ನಿನ್ನ ಸೊಸೆ ಮುಖ ಯಾಕೋ ಬಿಳುಚಿಕೊಂಡಿದೆ. ಎಲ್ಲಾದ್ರೂ ತೋರಿಸಬಾರದಾ?” ಎಂದಳು. ಅಂದೇ ಹೊಲಿಗೆಯವಳು ಆ ಕಡೆಯ ಕಿಟಕಿಗೆ ಪರದೆ ಹಾಕಿದಳು.

ಏಳು ತುಂಬಿದ ಮೇಲೆ “ಇನ್ನೊಂದು ವಾರ” ಎಂದಳು. ಎಂಟರಲ್ಲೇ ನೋವು ಬಂತು.

ಹೆಣ್ಣುಮಗು. ಒಂದೂವರೆ ಕಿಲೋ ಕೂಡ ಇರಲಿಲ್ಲ. ಡಾಕ್ಟರಮ್ಮ ಗದರಲಿಲ್ಲ.

“ತಾಯಿಗೆ ರಕ್ತ ತೀರಾ ಕಡಿಮೆ ಇದೆ. ಮೊದಲ ತಿಂಗಳುಗಳಲ್ಲೇ ಬಂದಿದ್ರೆ ಮಾತ್ರೆ ಕೊಡ್ತಿದ್ವಿ, ಮಗು ಬೆಳೀತಿದೆಯಾ ಅಂತ ನೋಡ್ತಿದ್ವಿ. ಹೊಟ್ಟೆ ದೊಡ್ಡದಾಗ್ತಿಲ್ಲ ಅಂತ ಮನೇಲಿ ಯಾರಿಗೂ ಅನಿಸ್ಲಿಲ್ವಾ?”

ಬೀದಿಯ ಕಣ್ಣು ತಪ್ಪಿಸಲು ಹಿಡಿದ ನೆರಿಗೆ ಹೊಲಿಗೆಯವಳ ಕಣ್ಣನ್ನೂ ತಪ್ಪಿಸಿತ್ತು.

ಮಗು ಮೂರನೆಯ ದಿನ ತೀರಿಕೊಂಡಿತು. ಸೊಸೆ ಅತ್ತೆಯನ್ನು ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಎಷ್ಟೋ ವಾಸಿಯಿತ್ತು.

ಎರಡು ವರ್ಷ ಕಳೆದವು. ಒಂದು ಬೆಳಿಗ್ಗೆ ಸೊಸೆ ಏನೂ ಹೇಳದೆ ಅದೇ ನಿಲುವಂಗಿ ತೊಟ್ಟು ಬಂದು, ತಲೆ ತಗ್ಗಿಸಿ ನಿಂತಳು. ಹೊಲಿಗೆಯವಳಿಗೆ ಎಲ್ಲವೂ ಅರ್ಥವಾಯಿತು. ಎಷ್ಟು ತಿಂಗಳೆಂದಷ್ಟೇ ಕೇಳಿದಳು.

“ಬಿಚ್ಚು ಅದನ್ನ. ಮೈಗೆ ಸರಿಯಾಗಿರೋದು ಹಾಕ್ಕೊಂಡು ಬಾ ಮಗಳೇ. ಈಗಲೇ ಹೋಗೋಣ.”

ಇಬ್ಬರೂ ಬೀದಿಗಿಳಿದಾಗ ಇಸ್ತ್ರಿಯವಳು ಒಮ್ಮೆ ತಲೆಯೆತ್ತಿ, ತಕ್ಷಣ ಬೇರೆ ಕಡೆ ತಿರುಗಿದಳು. ಆ ಪರದೆ ಬಿದ್ದಾಗಿನಿಂದ ಈ ಮನೆಯತ್ತ ನೋಡದಿರುವುದು ಅವಳಿಗೆ ರೂಢಿಯಾಗಿತ್ತು. ಹೊಲಿಗೆಯವಳು ಸೊಸೆಯ ಕೈ ಹಿಡಿದು ನೇರ ಆ ಕಿಟಕಿಯ ಮುಂದೆ ಹೋಗಿ ನಿಂತಳು.

“ನನ್ನ ಸೊಸೆಗೆ ಈಗ ಎರಡು ತಿಂಗಳು. ಆಸ್ಪತ್ರೆಗೆ ತೋರಿಸೋಕೆ ಹೋಗ್ತಿದ್ದೀವಿ. ನೀನು ಇವಳನ್ನ ದಿನಾ ನೋಡ್ತಾ ಇರಮ್ಮ. ಮುಖ ಬಿಳುಚಿದ್ರೆ ನಂಗೆ ಹೇಳು.”