ಗಾಡಿ ಇಲ್ಲದ ವಾರ

"ಮೂಗು ಮುಚ್ಕೋಬೇಡ ಕಣೋ ಬಡ್ಡೀಮಗನೆ, ಅತಿಥಿಗಳು ನೋಡ್ತಾವ್ರೆ. ನಿನ್ನ ಮೂತಿ ನೋಡಿದ್ರೇನೆ ಅವರಿಗೆ ವಾಸ್ನೆ ಬಂದಂಗಾಗ್ತದೆ."

ಪ್ರವಾಸಿ ಶಿಬಿರದ ಒಡೆಯ ಎಸೆನ್ ಹೀಗೆ ಅಂದಾಗ ನನ್ನ ಗಂಡ ಜುಮಾದಿಲ್ ಕಕ್ಕಸಿನ ಹಿಂದೆ ಮಂಡಿಯೂರಿ ಡ್ರಮ್ಮನ್ನು ಹೊರಗೆಳೆಯುತ್ತಿದ್ದ. ಡ್ರಮ್ಮಿನ ಇನ್ನೊಂದು ಹಿಡಿ ನನ್ನ ಕೈಯಲ್ಲಿತ್ತು. ನೀರು ಹಾಕದ ಕಕ್ಕಸು ಅದು. ಅತಿಥಿಗಳು ಕೂತೆದ್ದ ಮೇಲೆ ಒಂದು ಬೊಗಸೆ ಮರದ ಹೊಟ್ಟು ಸುರಿದು ಹೋಗುತ್ತಾರೆ. ಬಾಗಿಲ ಮೇಲೆ ಹಸಿರೆಲೆಯ ಚಿತ್ರ, ಅದರ ಕೆಳಗೆ ನಾಲ್ಕು ಭಾಷೆಯಲ್ಲಿ 'ನೀವು ಒಂದು ಹನಿ ನೀರನ್ನೂ ಕೆಡಿಸಲಿಲ್ಲ, ಧನ್ಯವಾದ' ಎಂಬ ಬರಹ. ಡ್ರಮ್ಮನ್ನು ಎಳೆಯುವವರು ಯಾರು ಎಂದು ನಾಲ್ಕರಲ್ಲಿ ಒಂದು ಭಾಷೆಯಲ್ಲೂ ಇರಲಿಲ್ಲ.

ಗೊಬ್ಬರದ ಗುಂಡಿಯ ಕಡೆಗೆ ಅರ್ಧ ದಾರಿ ನಡೆಯುವಷ್ಟರಲ್ಲಿ ಜುಮಾದಿಲನ ಕಾಲು ಮಡಚಿತು. ಡ್ರಮ್ಮು ವಾಲಿ ದಾರಿಯ ತುಂಬ ಚೆಲ್ಲಿತು. ನನ್ನ ಲಂಗದ ಮೇಲೂ ಬಿತ್ತು.

"ಯಾರು ಬಳೀತಾರೆ ಇದನ್ನ, ನಿಮ್ಮಪ್ಪ ಬರ್ತಾನಾ?" ಎಂದ ಎಸೆನ್. "ಸಲಿಕೆ ತರೋಕೆ ಓಡ್ಬೇಡಿ, ಹೊತ್ತಿಲ್ಲ. ಕೈಯಾಗೆ ಬಳ್ಕಳಿ. ಹನ್ನೊಂದಕ್ಕೆ ಇದೇ ದಾರೀಲಿ ಕುದುರೆ ಸವಾರಿ ಹೊಂಟದೆ."

ಬಳಿದೆವು. ಬಳಿದು ಮುಗಿದ ಮೇಲೆ ಜುಮಾದಿಲ್ ಪಕ್ಕಕ್ಕೆ ತಿರುಗಿ ವಾಂತಿ ಮಾಡಿಕೊಂಡ. ಹೊಟ್ಟೆಯಲ್ಲಿ ಏನೂ ಇರಲಿಲ್ಲ, ಹಳದಿ ನೀರಷ್ಟೇ ಬಂತು. ಬಾಯಿ ಒರೆಸಿಕೊಂಡು ನನ್ನತ್ತ ನೋಡಿದ. ಅವನ ಕಣ್ಣಿನ ಬಿಳಿ ಹಳೇ ಕೊಬ್ಬಿನ ಬಣ್ಣಕ್ಕೆ ತಿರುಗಿತ್ತು.

ಈ ಎಸೆನ್ ನನಗಿಂತ ಹದಿನೈದು ವರ್ಷ ಚಿಕ್ಕವನು. ಅವನ ತಾಯಿಗೆ ಹಾಲು ಬತ್ತಿದ್ದಾಗ ನಮ್ಮ ಅತ್ತೆ ಕೊಟ್ಟ ಕುದುರೆ ಹಾಲು ಕುಡಿದು ಬೆಳೆದವನು. ಈಗ ಅತಿಥಿಗಳ ಎದುರು ನಾವು ಅವನನ್ನು 'ಬೈಕೆ', ಅಂದರೆ ಅಣ್ಣ, ಅನ್ನಬೇಕು. ಸರೋವರದ ದಂಡೆ ಮೂರು ತಲೆಮಾರಿನಿಂದ ನಮ್ಮ ಬೇಸಿಗೆಯ ಹುಲ್ಲುಗಾವಲಾಗಿತ್ತು. ಐದು ವರ್ಷದ ಹಿಂದೆ ರಾಜಧಾನಿಯ ಪ್ರವಾಸೋದ್ಯಮದವರು ಬಂದು ಅಳೆದು, ಕುರಿಗಳಿಂದ ದಂಡೆ ಕೆಡುತ್ತದೆ, ಇದು ಶುದ್ಧ ಸರೋವರ ವಲಯ ಎಂದರು. ದಂಡೆ ಎಸೆನ್‌ನ ಹೆಸರಿಗೆ ಹೋಯಿತು, ಹಿಂದಿನ ಇಳಿಜಾರೂ ಹೋಯಿತು. ದಂಡೆಯ ಮೇಲೆ ಇಪ್ಪತ್ತು ಉಣ್ಣೆ ಗುಡಾರ ಎದ್ದವು. ನಾವು ಅವನ ಶಿಬಿರದಲ್ಲಿ ದುಡಿಯುವ ತನಕ ನಮ್ಮ ಕುರಿಗಳು ಇಳಿಜಾರಿನಲ್ಲಿ ಮೇಯಬಹುದು. ದುಡಿಯದ ದಿನ ಇಳಿಸಿಕೊಂಡು ಹೋಗಬೇಕು. ಎಲ್ಲಿಗೆ ಎಂದು ಅವನು ಹೇಳಲಿಲ್ಲ, ನಮಗೂ ಗೊತ್ತಿಲ್ಲ.

ಆ ಗುಂಡಿಯ ವಿಷಯವೂ ಹೇಳಬೇಕು. ಆರು ತಿಂಗಳಲ್ಲಿ ಎಲ್ಲ ಗೊಬ್ಬರ ಆಗುತ್ತದೆ ಎಂದು ಕಕ್ಕಸಿನ ಜೊತೆ ಬಂದ ಪುಸ್ತಿಕೆಯಲ್ಲಿತ್ತಂತೆ. ನಮ್ಮ ಎತ್ತರದಲ್ಲಿ ಜುಲೈಯಲ್ಲೂ ಬೆಳಗ್ಗೆ ಬಕೆಟ್ಟಿನ ನೀರಿನ ಮೇಲೆ ಮಂಜು ಕೆನೆಗಟ್ಟುತ್ತದೆ. ಎರಡು ಬೇಸಿಗೆ ಕಳೆದರೂ ಗುಂಡಿಯಲ್ಲಿದ್ದದ್ದು ಹಾಕಿದ ಹಾಗೇ ಇತ್ತು. ತುಂಬಿದಾಗ ಜುಮಾದಿಲ್ ಒಳಗಿಳಿದು, ಸಲಿಕೆಯಲ್ಲಿ ಎತ್ತಿ ಪಕ್ಕದ ಗುಂಡಿಗೆ ಹಾಕುತ್ತಿದ್ದ.

ಅಡುಗೆ ಗುಡಾರದಲ್ಲಿ ಅವನಿಗೊಂದು ಬೇರೆ ಬಟ್ಟಲಿತ್ತು. ಅಡುಗೆಯವಳು ನುರ್ಬುಬು ಕೆಟ್ಟವಳೇನಲ್ಲ. ಮೊದಲ ದಿನ ತಲೆ ತಗ್ಗಿಸಿಕೊಂಡೇ, "ಅಕ್ಕಾ, ಇದ್ನ ಅವನಿಗೇ ಮಡಗಿವ್ನಿ. ಬೇಜಾರ್ ಮಾಡ್ಕೋಬೇಡ, ಉಳಿದೋರು ಉಣ್ಣಲ್ಲ ಅಂತಾರೆ" ಎಂದಿದ್ದಳು. ಊಟದ ಬಟ್ಟೆ ದಸ್ತರಖಾನ್ ಹಾಸಿದಾಗ ರೊಟ್ಟಿ ಮುರಿದು ಎಲ್ಲರ ಮುಂದೆ ಇಡುವುದು ಹಿರಿಯನ ಕೆಲಸ. ನಮ್ಮಲ್ಲಿ ಹಿರಿಯ ಜುಮಾದಿಲನೇ. ಅವನು ಗುಂಡಿಗೆ ಇಳಿಯತೊಡಗಿದ ಆ ಬೇಸಿಗೆಯಿಂದ ರೊಟ್ಟಿಯನ್ನು ಬೇರೆಯವರು ಮುರಿಯತೊಡಗಿದರು. ಅವನ ಪಾಲಿನ ತುಂಡನ್ನು ದೂರದಿಂದ ಹಾಕುತ್ತಿದ್ದರು. ಅವನು ಅದನ್ನು ನೆಲಕ್ಕೆ ಬೀಳದ ಹಾಗೆ ಎರಡೂ ಕೈಯಲ್ಲಿ ಹಿಡಿದುಕೊಳ್ಳುತ್ತಿದ್ದ.

ಡ್ರಮ್ಮು ಚೆಲ್ಲಿದ ಆ ದಿನ ಜುಮಾದಿಲನನ್ನು ಮಲಗಿಸಿ ನಾನು ಎಸೆನ್‌ನ ಹತ್ತಿರ ಹೋದೆ.

"ಬೈಕೆ, ಕಾಮಾಲೆ ಹತ್ಕೊಂಡದೆ ಅವನಿಗೆ. ಒಂದು ಜೀಪು ಕೊಡು. ಕೆಳಗಿನ ಆಸ್ಪತ್ರೆಗೆ ಬಿಟ್ಟು ಬರ್ತೀನಿ."

"ಯಾವ ಜೀಪು?"

"ಕಣಿವೆ ಬಾಯಾಗೆ ನಿಲ್ಸಿದೀಯಲ್ಲ."

"ಮೆತ್ತಗೆ ಮಾತಾಡು" ಎಂದು ಆಚೀಚೆ ನೋಡಿದ. "ಇದು ಗಾಡಿ ಇಲ್ಲದ ವಾರ. ರಾಜಧಾನಿಯಿಂದ ಬತ್ತಾವ್ರೆ, ಹೊರದೇಶದ ತೀರ್ಪುಗಾರರೂ ಬತ್ತಾವ್ರೆ. ಹೊಗೆ ಇಲ್ಲ, ಕಸ ಇಲ್ಲ, ಗಾಡಿ ಇಲ್ಲ. ಮೂರೂ ಇದ್ರೇನೆ ದೇಶಕ್ಕೇ ಮೊದಲನೇ ಶಿಬಿರ ಅಂತ ಹೆಸರು. ಶುಕ್ರವಾರದ ತನಕ ಒಂದು ಚಕ್ರನೂ ಉರುಳಂಗಿಲ್ಲ."

"ಶುಕ್ರವಾರಕ್ಕೆ ಆರು ದಿನ ಅದೆ. ನಮ್ಮ ಕುದುರೇನಾದ್ರೂ ಬಿಡು."

"ಅದು ಅತಿಥಿಗಳ ಸಾಲಿನಾಗೆ ಅದೆ. ಮಂಗಳವಾರ ತೀರ್ಪುಗಾರರಿಗೆ ಬೇಕು. ಕೇಳು ಬುರುಲ್, ಕಾಮಾಲೆ ಗೀಮಾಲೆ ಅಂತ ಬಾಯಿ ಬಿಟ್ರೆ ಇಪ್ಪತ್ತು ಗುಡಾರನೂ ಖಾಲಿ ಆಗ್ತವೆ. ಅವನ್ನ ಕುರಿ ರೊಪ್ಪಕ್ಕೆ ಹಾಕು, ಯಾರ ಕಣ್ಣಿಗೂ ಬೀಳ್ಕೂಡದು. ನೀನು ಹಂಗೇ ಇಳ್ದು ಹೋಗ್ತೀನಿ ಅಂದ್ರೂ ಹೋಗು, ಕುರಿ ಹೊಡ್ಕೊಂಡೇ ಹೋಗು."

ರೊಪ್ಪದಲ್ಲಿ ಹಿಕ್ಕೆಯ ಮೇಲೆ ಹುಲ್ಲು ಹಾಸಿ ಮಲಗಿಸಿದೆ. ಮರುದಿನ ಅವನು ಮೈ ಕೆರೆದುಕೊಂಡು ರಕ್ತ ಬರಿಸಿಕೊಂಡ. ಅದರ ಮರುದಿನ ನನ್ನ ಹೆಸರು ಮರೆತ, ತನ್ನ ಅಕ್ಕನ ಹೆಸರಿಂದ ಕರೆದ. ಅವಳು ಸತ್ತು ಎಷ್ಟೋ ವರ್ಷವಾಗಿದೆ.

ಮಂಗಳವಾರ ಅವರು ಬಂದರು. ಪ್ರವಾಸೋದ್ಯಮದ ಅಧಿಕಾರಿ ಚೋಲ್ಪೋನ್ ಎಂಬ ಹೆಂಗಸು, ಕ್ಯಾಮೆರಾದ ಇಬ್ಬರು, ಒಬ್ಬ ದುಭಾಷಿ, ಮೂವರು ತೀರ್ಪುಗಾರರು. ಕಣಿವೆ ಬಾಯಿಯ ತನಕ ಗಾಡಿಯಲ್ಲಿ ಬಂದು, ಅಲ್ಲಿಳಿದು, ದಿಣ್ಣೆ ದಾಟಲು ಮಾತ್ರ ಕುದುರೆ ಹತ್ತಿದರು. ಕುದುರೆ ಮೇಲೆ ಇಳಿದು ಬರುವುದನ್ನೇ ಕ್ಯಾಮೆರಾದವರು ಎರಡು ಸಲ ತೆಗೆದರು. ನಮ್ಮ ಕಂದು ಕುದುರೆಯ ಮೇಲೆ ತೀರ್ಪುಗಾರರಲ್ಲೊಬ್ಬಳು, ಬೆಳ್ಳಿ ಕೂದಲಿನ ಮುದುಕಿ ಕೂತಿದ್ದಳು.

ನನಗೆ ಮದುವೆಯಾದ ಹೆಂಗಸರ ಬಿಳಿ ರುಮಾಲು ಸುತ್ತಿ, ಕಸೂತಿಯ ಅಂಗಿ ತೊಡಿಸಿ, ಮರದ ಪೆಟ್ಟಿಗೆಯೊಂದರ ಮುಂದೆ ಕೂರಿಸಿದರು. ಪೆಟ್ಟಿಗೆಯಲ್ಲಿ ಕಪ್ಪು ಮಣ್ಣು. ಕೆಳಗಿನ ಊರಿನ ಆಲೂಗಡ್ಡೆ ಹೊಲದಿಂದ ಎಸೆನ್ ಹಿಂದಿನ ವಾರವೇ ಚೀಲದಲ್ಲಿ ತರಿಸಿದ್ದ. ಅದರಲ್ಲಿ ಈರುಳ್ಳಿ ಸಸಿ ನೆಟ್ಟಿದ್ದ.

"ಎಜೆ, ಮಣ್ಣನ್ನ ಬೊಗಸೇಲಿ ಎತ್ತಿ, ಮೂಸಿ ನೋಡಿ, ನಗಬೇಕು" ಎಂದಳು ಚೋಲ್ಪೋನ್. ಅಕ್ಕ ಎಂದು ಕರೆದಳಲ್ಲ ಎಂದು ನನಗೆ ಒಂದು ಗಳಿಗೆ ಹಾಯೆನಿಸಿತು. "ಆಮೇಲೆ ಹೇಳಿ, 'ನಮ್ಮ ಸರೋವರಕ್ಕೆ ನಾವೇ ಕಾವಲು. ನಮ್ಮಲ್ಲಿ ಏನೂ ಹಾಳಾಗೋದಿಲ್ಲ.' ಅಷ್ಟೇ. ತುಂಬ ಸುಲಭ."

ಮಣ್ಣು ಎತ್ತಿದೆ. ಕ್ಯಾಮೆರಾದ ಹಿಂದೆ ತೀರ್ಪುಗಾರರು ಸಾಲಾಗಿ ಕೂತಿದ್ದರು. ನಾನು ಮೂಸಲಿಲ್ಲ, ನಗಲೂ ಇಲ್ಲ.

"ಈ ಮಣ್ಣು ಇಲ್ಲೀದಲ್ಲ" ಎಂದೆ. "ಇಲ್ಲೀದು ಗುಂಡೀಲದೆ. ಅದ್ನ ಎತ್ತಿ ಎತ್ತಿ ನನ್ ಗಂಡಂಗೆ ಕಾಮಾಲೆ ಆಗ್ಯದೆ. ಕುರಿ ರೊಪ್ಪದಾಗೆ ಬಿದ್ದವ್ನೆ, ನನ್ ಹೆಸರೂ ಮರ್ತವ್ನೆ. ದಿಣ್ಣೆ ಆಚೆ ಜೀಪು ಅವೆ. ಒಂದು ಜೀಪು ಕೊಡಿ. ನಿಮ್ಗೆ ಕೈ ಮುಗೀತೀನಿ."

ಚೋಲ್ಪೋನ್ ಕೈಯೆತ್ತಿ ಕ್ಯಾಮೆರಾ ನಿಲ್ಲಿಸಿದಳು. ಬೆಳ್ಳಿ ಕೂದಲಿನ ಮುದುಕಿ ಮುಂದಕ್ಕೆ ಬಾಗಿ ಏನೋ ಕೇಳಿದಳು. ದುಭಾಷಿ ಎಸೆನ್‌ನ ಮುಖ ನೋಡಿದ, ಚೋಲ್ಪೋನ್‌ಳ ಮುಖ ನೋಡಿದ, ಆಮೇಲೆ ಅವರ ಭಾಷೆಯಲ್ಲಿ ಬಹಳ ಹೊತ್ತು ಮಾತಾಡಿದ. ಮುದುಕಿಯ ಕಣ್ಣಲ್ಲಿ ನೀರು ಬಂತು. ನಾಲ್ಕೇ ದಿನ ಅತಿಥಿಗಳ ಪಾತ್ರೆ ತೊಳೆದವರಿಗೂ ಗೊತ್ತಾಗುವ ಅವರ ಭಾಷೆಯ ಒಂದು ಮಾತನ್ನು ಅವಳು ಎರಡು ಸಲ ಹೇಳಿದಳು. ಬಹಳ ಚೆನ್ನಾಗಿದೆ, ಬಹಳ ಚೆನ್ನಾಗಿದೆ. ಮೂವರೂ ಚಪ್ಪಾಳೆ ತಟ್ಟಿದರು.

"ಏನ್ ಹೇಳ್ದೆ ಅವರಿಗೆ?" ಎಂದು ದುಭಾಷಿಯನ್ನು ಕೇಳಿದೆ. ಅವನು ಬೂಟಿನ ದಾರ ಕಟ್ಟಿಕೊಳ್ಳಲು ಬಗ್ಗಿದ.

ಚೋಲ್ಪೋನ್ ನನ್ನ ಪಕ್ಕ ಕುಕ್ಕರಗಾಲಲ್ಲಿ ಕೂತಳು. "ಎಜೆ, ನಾನು ಬರ್ಕೊಂಡಿದೀನಿ. ಊರಿಗೆ ಹೋದ ತಕ್ಷಣ ಮೇಲಿನವರ ಗಮನಕ್ಕೆ ತರ್ತೀನಿ. ಆದ್ರೆ ಈ ವಾರ ಗಾಡಿ ಓಡಿಸಿದ್ರೆ ಇಷ್ಟು ಜನರ ವರ್ಷದ ದುಡಿಮೆ ಹೋಗುತ್ತೆ. ನೀವೂ ಅರ್ಥ ಮಾಡ್ಕೋಬೇಕು. ಇನ್ನೊಂದ್ ಸಲ ತೆಗೆಯೋಣ್ವಾ? ಈ ಸಲ ಸುಮ್ನೆ ನಕ್ಕರೆ ಸಾಕು, ಮಾತು ನಾವು ಹಾಕ್ಕೋತೀವಿ."

ಅವಳ ಕೈ ನನ್ನ ತೋಳಿನ ಮೇಲಿತ್ತು. ಬೆಚ್ಚಗಿತ್ತು. ಅದನ್ನು ತೆಗೆದು ಅವಳ ತೊಡೆಯ ಮೇಲೇ ಇಟ್ಟು ಎದ್ದೆ.

ನಮ್ಮ ಕಂದು ಕುದುರೆಯನ್ನು ಗೂಟದಿಂದ ಬಿಚ್ಚಿದೆ. ಎಸೆನ್ ಎರಡು ಹೆಜ್ಜೆ ಮುಂದೆ ಬಂದ. ಹಲ್ಲು ಕಚ್ಚಿಕೊಂಡು, ನಗುಮುಖ ಮಾತ್ರ ಬಿಡದೆ, "ಬಿಡೇ ಸೂಳೆ. ಕುರಿ ಇವತ್ತೇ ಇಳಿಸ್ತೀನಿ ನೋಡು" ಎಂದ. ತೀರ್ಪುಗಾರರು ನೋಡುತ್ತಿದ್ದರು. ಅವರ ಎದುರು ಅವನು ಕೈ ಎತ್ತುವಂತಿರಲಿಲ್ಲ.

"ಇಳಿಸು" ಎಂದೆ.

ಜುಮಾದಿಲನನ್ನು ಎತ್ತುವುದಕ್ಕೆ ನುರ್ಬುಬು ಓಡಿ ಬಂದಳು. ಮೂರು ತಿಂಗಳಿಂದ ಅವನ ಬಟ್ಟಲನ್ನೂ ಮುಟ್ಟದಿದ್ದವಳು ಅವನ ಕಂಕುಳಿಗೆ ಭುಜ ಕೊಟ್ಟಳು. ಕುದುರೆಯ ತಡಿಯ ಮೇಲೆ ಕೂರಿಸಿ, ತಲೆಯ ಬಿಳಿ ರುಮಾಲು ಬಿಚ್ಚಿ ಅವನನ್ನು ಕುದುರೆಯ ಕತ್ತಿಗೆ ಸೇರಿಸಿ ಕಟ್ಟಿದೆ. ಹತ್ತು ಮೊಳದ ಬಟ್ಟೆ, ಮೂರು ಸುತ್ತು ಬಂತು.

ದಿಣ್ಣೆ ಹತ್ತಲು ಅರ್ಧ ಗಂಟೆ ಹಿಡಿಯಿತು. ಆಚೆ ಬದಿಯಲ್ಲಿ, ಹಸಿರು ಟಾರ್ಪಾಲಿನ ಅಡಿ, ಐದು ಜೀಪು ನಿಂತಿದ್ದವು. ಚಾಲಕರು ಒಂದರೊಳಗೆ ಕೂತು ಇಸ್ಪೀಟು ಆಡುತ್ತಿದ್ದರು. ಚಳಿಗೆಂದು ಅದರ ಎಂಜಿನ್ನು ಓಡುತ್ತಲೇ ಇತ್ತು.

"ಕೆಳಗೆ ಆಸ್ಪತ್ರೆಗೆ ಬಿಡ್ರಪ್ಪ" ಎಂದೆ.

ಅವರಲ್ಲಿ ಹಿರಿಯನಾದ ಸಾತಾರ್ ಇಳಿದು ಬಂದು ಜುಮಾದಿಲನ ಮುಖ ನೋಡಿ ಹಿಂದೆ ಸರಿದ. "ಅಯ್ಯೋ ದೇವ್ರೇ. ಆದ್ರೆ ಎಜೆ, ಶುಕ್ರವಾರದ ತನಕ ಅಲ್ಲಾಡಿಸ್ಬೇಡಿ ಅಂದವ್ರೆ. ದಾರೀಲಿ ಧೂಳೆದ್ರೆ ಸರೋವರದಿಂದ ಕಾಣ್ತದಂತೆ. ಎಸೆನ್ ಬೈಕೆ ಒಂದ್ ಮಾತು ಹೇಳ್ಲಿ, ಈಗ್ಲೇ ಹೊರಡ್ತೀನಿ."

"ಅವನು ಹೇಳಲ್ಲ."

"ನಮ್ಗೂ ಹೆಂಡ್ರು ಮಕ್ಕಳು ಅವ್ರೆ ಎಜೆ."

ರುಮಾಲಿನ ಗಂಟು ಬಿಚ್ಚಿದೆ. ಜುಮಾದಿಲ್ ನನ್ನ ಮೇಲೇ ಜಾರಿ ಬಿದ್ದ. ಎಳೆದುಕೊಂಡು ಹೋಗಿ ಕೊನೆಯ ಜೀಪಿನ ಟಾರ್ಪಾಲು ಕಿತ್ತು, ಹಿಂದಿನ ಸೀಟಿನಲ್ಲಿ ಮಲಗಿಸಿದೆ. ನನಗೆ ಗಾಡಿ ಓಡಿಸಲು ಬರುವುದಿಲ್ಲ. ಮುಂದೆ ಹತ್ತಿ, ಬಾಗಿಲ ಚಿಲಕ ಹಾಕಿಕೊಂಡು, ಸ್ಟಿಯರಿಂಗ್ ಚಕ್ರದ ನಡುವಿನ ಹಾರ್ನನ್ನು ಎರಡೂ ಅಂಗೈಯಿಂದ ಒತ್ತಿದೆ.

ಒತ್ತಿದ ಕೈ ತೆಗೆಯಲಿಲ್ಲ. ಸದ್ದು ಎದುರಿನ ಬಂಡೆಗೆ ಬಡಿದು, ತಿರುಗಿ, ದಿಣ್ಣೆ ದಾಟಿ ತೀರ್ಪುಗಾರರಿದ್ದ ಸರೋವರದ ಕಡೆ ಹೋಯಿತು. ಕುದುರೆ ಬೆದರಿ ಓಡಿತು. ಸಾತಾರ್ ಗಾಜು ಬಡಿಯುತ್ತಿದ್ದ, ಬಾಯಿ ಆಡಿಸುತ್ತಿದ್ದ, ಅವನ ಒಂದು ಮಾತೂ ಕೇಳಿಸುತ್ತಿರಲಿಲ್ಲ. ಹಿಂದಿನ ಸೀಟಿನಿಂದ ಜುಮಾದಿಲ್ ನರಳುತ್ತಿದ್ದನೋ, ನಿಲ್ಲಿಸಿದ್ದನೋ, ಅದೂ ಕೇಳಿಸುತ್ತಿರಲಿಲ್ಲ. ತಿರುಗಿ ನೋಡಿದರೆ ಕೈ ಸಡಿಲವಾದೀತೆಂದು ನೋಡಲಿಲ್ಲ. ಬಹಳ ಹೊತ್ತಿನ ಮೇಲೆ ದಿಣ್ಣೆಯ ಅಂಚಿನಲ್ಲಿ ಒಂದು ತಲೆ ಕಂಡಿತು, ಆಮೇಲೆ ಎರಡು, ಆಮೇಲೆ ಹೆಗಲ ಮೇಲೆ ಕ್ಯಾಮೆರಾ ಹೊತ್ತವನೊಬ್ಬ. ನಾನು ಇನ್ನೂ ಬಲವಾಗಿ ಒತ್ತಿದೆ.