ಒಂದೇ ಸೀಟಿನ ಗಾಡಿ

ವಿಲ್ಮಾಬಾಯಿ ಸೊಪ್ಪು ಕೊಯ್ಯುವುದು ಹಿಂದಕ್ಕೆ ಹಿಂದಕ್ಕೆ ನಡೆಯುತ್ತಾ. ಮೊದಲ ದಿನ ನಾನು ಬಾಯಿ ಬಿಟ್ಟು ನಿಂತದ್ದೇ ನಿಂತದ್ದು. ಅರವತ್ತರ ಹತ್ತಿರದ ಹೆಂಗಸು, ತೀರಿಹೋದ ಗಂಡನ ಖಾಕಿ ಶರ್ಟಿಗೆ ಕುತ್ತಿಗೆಯವರೆಗೆ ಗುಂಡಿ ಹಾಕಿಕೊಂಡು, ಮೊಣಕಾಲು ಒಂಚೂರೂ ಮಡಚದೆ, ಬೆನ್ನನ್ನು ಮೇಜಿನ ಹಾಗೆ ಚಪ್ಪಟೆ ಮಾಡಿ, ಎಡಗೈಯಲ್ಲಿ ಲೆಟ್ಯೂಸ್, ಬಲಗೈಯಲ್ಲಿ ಸಣ್ಣ ಕತ್ತಿ, ಸರಕ್ ಸರಕ್ ಅಂತ ಇಡೀ ಸಾಲನ್ನು ಒಮ್ಮೆಯೂ ತಿರುಗಿ ನೋಡದೆ ಹಿಂದಕ್ಕೇ ಮುಗಿಸುತ್ತಿದ್ದರು! ಹನ್ನೆರಡನೇ ವಯಸ್ಸಿಗೆ ಹೆಜಮಾಡಿಯ ಗದ್ದೆಯಲ್ಲಿ ಭತ್ತದ ನೇಜಿ ನೆಡುವಾಗ ಕಲಿತ ನಡಿಗೆಯಂತೆ ಅದು.

"ಮಾಡಿದ ಕೆಲಸ ಕಣ್ಣೆದುರು ಇರಬೇಕು" ಅಂದಿದ್ದರು. ಕೂತು ಕೊಯ್ಯಬಹುದಲ್ವಾ ಅಂತ ಕೇಳಿದ್ದಕ್ಕೆ, "ಕೂತು ಮಾಡುವುದು ಹರಟೆ ಮಾರಾಯ್ತಿ."

ಬೆನ್ನಿನ ನರ ಒತ್ತಿಹೋಗಿ ಅವರ ಬಲಪಾದ ಮರಗಟ್ಟಿದೆ. ಬಗ್ಗುವುದು ನಿಲ್ಲಿಸದಿದ್ದರೆ ಕಾಲೇ ಹೋಗುತ್ತದೆ ಅಂತ ಡಾಕ್ಟರು ಹೇಳಿಯಾಗಿದೆ. ಚಪ್ಪಲಿ ಕಳಚಿದರೂ ಗೊತ್ತಾಗುವುದಿಲ್ಲ. ಹಿಂದಕ್ಕೆ ನಡೆಯುವವರಲ್ವಾ, ಅದು ಸಾಲಿನ ನಡುವೆ ಒಂಟಿಯಾಗಿ ಬಿದ್ದದ್ದು ಕಂಡಾಗಲೇ ತಿಳಿಯುವುದು. "ಓ, ಅದಕ್ಕೆ ನನ್ನ ಜೊತೆ ಬರಲಿಕ್ಕೆ ಮನಸ್ಸಿಲ್ಲ" ಅಂತ ನಗುತ್ತಾರೆ.

ಪರ್ಕಳದ ಆಚೆಗಿನ ಆ ಅರ್ಧ ಎಕರೆ ಓಸ್ವಾಲ್ಡ್ ಅಂಕಲ್‌ರದ್ದು. ಬಿಸಿಲೇರಿದರೆ ಸೊಪ್ಪು ಬಾಡುತ್ತದೆ, ಎಂಟರೊಳಗೆ ಮಣಿಪಾಲದ ಕೆಫೆಗಳಿಗೆ ಹೊರಡಬೇಕು. ಕೊಯ್ಯುವವರು ಇಬ್ಬರು, ವಿಲ್ಮಾಬಾಯಿ ಮತ್ತು ಅಕ್ಕು. ಅಕ್ಕುವಿನ ಗಂಡ ಬೋಟಿನಲ್ಲಿ ಬಿದ್ದು ಹಾಸಿಗೆ ಹಿಡಿದು ಎರಡು ವರ್ಷ. ಆ ಮನೆಗೆ ಇದೊಂದೇ ದುಡಿಮೆ.

ನಾನು ಕಾಲೇಜ್ ಪ್ರಾಜೆಕ್ಟಿಗೆ ಕೂತೇ ಕೊಯ್ಯುವ ಗಾಡಿ ಮಾಡಿದೆ. ನಾಲ್ಕು ಸೈಕಲ್ ಚಕ್ರ, ಸಾಲಿನ ಮೇಲೆ ಅಡ್ಡಕ್ಕೆ ಸೀಟು, ಎದುರಿಗೆ ಕ್ರೇಟು. ವಿಲ್ಮಾಬಾಯಿಗೋಸ್ಕರ ಹಿಂದಕ್ಕೇ ಉರುಳುವ ಹಾಗೆ! ಬೈದುಕೊಂಡೇ ಕೂತರು. ಏಳನೇ ದಿನ ಏಳೂಕಾಲಿಗೆ ತಮ್ಮ ಸಾಲು ಮುಗಿಸಿ, ಖುಷಿಯಲ್ಲಿ ಅಕ್ಕುವಿನ ಸಾಲುಗಳನ್ನೂ ಕೊಯ್ದುಕೊಟ್ಟು, ಗೇಟಿನ ತನಕ ನೆಟ್ಟಗೆ, ನಿಜವಾಗಿ ನೆಟ್ಟಗೆ ನಡೆದುಕೊಂಡು ಹೋದರು. ನಾನು ಕುಣಿಯುವುದೊಂದು ಬಾಕಿ.

ಅಂಕಲ್ ಅದನ್ನೆಲ್ಲ ನೋಡುತ್ತಿದ್ದರು. ಮರುದಿನ ಅಕ್ಕುವಿಗೆ "ಇನ್ನು ಬರುವುದು ಬೇಡ" ಅಂದರು.

ಅದರ ಮರುದಿನ ಗಾಡಿ ಪಂಪ್‌ಶೆಡ್ಡಿನ ಗೋಡೆಗೆ ಒರಗಿತ್ತು. ಅದರಲ್ಲಿ ಕೂತರೆ ಸೊಂಟ ಇನ್ನೂ ಹೆಚ್ಚು ನೋಯುತ್ತದೆ ಅಂತ ವಿಲ್ಮಾಬಾಯಿ ಅಂಕಲ್‌ಗೆ ಹೇಳಿಬಿಟ್ಟಿದ್ದರು. ಬಗ್ಗಿ ಕೊಯ್ದರೆ ಒಬ್ಬರಿಂದ ಎಂಟರೊಳಗೆ ಆಗುವ ಕೆಲಸವಲ್ಲ. ಎರಡು ದಿನ ಬಾಡಿದ ಸೊಪ್ಪು ಕೆಫೆಗಳಿಂದ ವಾಪಸ್ ಬಂತು. ಮೂರನೇ ದಿನ ಅಕ್ಕುವನ್ನು ಅಂಕಲ್ ತಾವೇ ಕರೆಸಿದರು.

ಗಾಡಿ ಹೇಗಾಯ್ತು ಅಂತ ಬಳಸಿದವರಿಂದ ಕೇಳಿ ಬರೆಯುವ ಪ್ರಾಜೆಕ್ಟ್ ಫಾರ್ಮ್ ಹಿಡಿದುಕೊಂಡು ನಾನು ವಿಲ್ಮಾಬಾಯಿ ಹತ್ತಿರ ಹೋದೆ.

"ನೋವು ಜಾಸ್ತಿ ಅಂತ ಬರೆ."

"ಸುಳ್ಳಲ್ವಾ ಬಾಯಮ್ಮ?"

ಕತ್ತಿಯನ್ನು ಶರ್ಟಿಗೆ ಒರೆಸುತ್ತಾ, ಆಚೆ ಸಾಲಿಗೆ ಕೇಳದ ಹಾಗೆ ಹೇಳಿದರು, "ನೀನು ಒಂದೇ ಸೀಟು ಇಟ್ಟದ್ದು ಎಂತಕ್ಕೆ?"

ನಾನು ಬರೆದೆ.

ಆಚೆ ಸಾಲಿನಿಂದ ಅಕ್ಕು, ಏನೂ ಗೊತ್ತಿಲ್ಲದೆ, "ರಾಣಿ ಹಾಗೆ ಕೂತುಕೊಳ್ಳುವುದು ಬಿಟ್ಟು ಎಂತ ಕರ್ಮ ಬಾಯಮ್ಮ ನಿಮ್ಮದು!" ಅಂತ ಕೂಗಿದಳು. ವಿಲ್ಮಾಬಾಯಿ ಬಗ್ಗಿದರು, ಹಿಂದಕ್ಕೆ ಹೆಜ್ಜೆ ಇಟ್ಟರು. ನಿನ್ನೆ ಹೋದಾಗ ಸಾಲಿನ ನಡುವೆ ಎಡಗಾಲಿನದೂ ಸೇರಿ ಎರಡೂ ಚಪ್ಪಲಿ ಬಿದ್ದಿದ್ದವು.

ಇಂಥವರನ್ನು ತ್ಯಾಗಿ ಅಂತೆಲ್ಲ ಕರೆದರೆ ಅವರೇ ನಗುತ್ತಾರೆ. ನಾವು ಮುಂದೆ ನೋಡಿಕೊಂಡು ಓಡುವವರು, ನಮ್ಮಿಂದ ಯಾರು ಹಿಂದೆ ಬಿದ್ದರು ಅಂತ ಕಾಣುವುದೇ ಇಲ್ಲ. ಹಿಂದಕ್ಕೆ ನಡೆಯುವವರಿಗೆ ಬಿಟ್ಟದ್ದೆಲ್ಲ ಕಣ್ಣೆದುರೇ ಇರುತ್ತದೆ. ಕಾಣದೇ ಇರುವುದು ತಾವು ಹೋಗಿ ಬೀಳುವ ಜಾಗ ಮಾತ್ರ.