ಬಾಸಿನ ಎಡಗಾಲು

ಹಸಿರು ಹೊದಿಕೆಯ ಅಂಚಿನಾಚೆ ಒಂದು ಹೆಬ್ಬೆರಳು, ಎಡಗಾಲಿನದು, ಬಟಾಣಿ ಕಾಳಿಗಿಂತ ಕೊಂಚ ದಪ್ಪ, ಅದರ ಮೇಲಿನ ಉಗುರನ್ನು ಉಗುರು ಅನ್ನುವುದಕ್ಕೂ ಆಗದು, ಅಕ್ಕಿ ನುಚ್ಚು — ಕೇಳಿ ಸ್ವಾಮಿ, ಈ ಆಸ್ಪತ್ರೆಯಲ್ಲಿ ಈ ಹೊತ್ತಿನಲ್ಲಿ ಇಲ್ಲಿ ಕೂತವನನ್ನು ಮೀರಿಸಿದ ಹೀರೋ ಇನ್ನೊಬ್ಬನಿದ್ದರೆ ಕರೆದುಕೊಂಡು ಬನ್ನಿ, ನಿಂತ ನಿಲುವಿನಲ್ಲೇ ಈ ಸ್ಟೂಲು ಬಿಟ್ಟುಕೊಡುತ್ತಾನೆ, ಬೆನ್ನು ಬಿಡಿಸಿ ಗಂಟು ತೆಗೆದ ಡಾಕ್ಟರು ಸೆಕೆಂಡ್ ಹೀರೋ, ಪೋಸ್ಟರಿನ ಮೂಲೆಯಲ್ಲಿ ಅವರದೂ ಒಂದು ಸಣ್ಣ ಫೋಟೋ ಹಾಕೋಣ, ಬೇಡ ಅನ್ನುವುದಿಲ್ಲ, ಆದರೆ ಎಲ್ಲರೂ ಕೈಬಿಟ್ಟಿದ್ದ ಈ ಬೆರಳಿಗೆ ಕಚಗುಳಿಯಿಟ್ಟು ಎಬ್ಬಿಸಿದವನು ಯಾರು, ಮಗುವಿನ ಸೋದರಮಾವ, ಮೊಬೈಲ್ ಅಂಗಡಿಯಲ್ಲಿ ಸ್ಕ್ರೀನ್ ಗಾರ್ಡ್ ಅಂಟಿಸುವವನು, ಮನೆಯಲ್ಲೂ ಬೀದಿಯಲ್ಲೂ ಡೈಲಾಗು ಅಂತಲೇ ಕರೆಸಿಕೊಳ್ಳುವವನು, ಒಂದೇ ಟಚ್ ಸಾಕಾಯಿತು, ಆಡಿತು — ಹಾಗಂತ ಅವನು ಕೂಗಿಕೊಂಡಿದ್ದಕ್ಕೆ ಅಕ್ಕ ಕಾರಿಡಾರಿನಲ್ಲಿ ಚಪ್ಪಲಿ ಬಿಟ್ಟು ಓಡಿಬಂದಳು, ಭಾವ ಬಾಟಲಿಯ ಮುಚ್ಚಳ ಹಿಡಿದುಕೊಂಡು ಬಂದ, ಬಾಟಲಿ ಎಲ್ಲಿ ಬಿಟ್ಟನೋ, ಅಕ್ಕ ಏದುಸಿರಲ್ಲೇ, ಎಲ್ಲೋ, ತೋರ್ಸೋ, ಈಗಷ್ಟೇ ಆಡ್ತು ಅಕ್ಕ, ನಾನು ಹಿಂಗೆ ಕಚಗುಳಿ ಇಟ್ಟೆ, ಅದು ಹಂಗೆ ಎದ್ದು ನಿಂತ್ಕೊಳ್ತು, ಮೂವರೂ ಬಗ್ಗಿ ನೋಡಿದರು, ಬೆರಳು ತನಗೂ ಈ ಗಲಾಟೆಗೂ ಸಂಬಂಧವೇ ಇಲ್ಲವೆಂಬಂತೆ ಸುಮ್ಮನಿದೆ, ಹಿರಿ ನರ್ಸು ಕನ್ನಡಕದ ಮೇಲಿಂದ ನೋಡುತ್ತಾಳೆ, ಲೋ ಡೈಲಾಗು, ನಿನ್ನೆ ಪರದೆ ಹಿಂದೆ ನಿಂತು ಡಾಕ್ಟರ ದನೀಲಿ ಸಿಸ್ಟರ್ ನನಗೊಂದು ಟೀ ಅಂದವನು ನೀನೇ ತಾನೆ, ನಾನು ಕತ್ತೆ ಥರ ಹೋಗಿ ತಂದೆ, ಇದ್ರಲ್ಲೂ ಆಟ ಆಡಿದ್ರೆ ನಾಲಿಗೆಗೆ ಹೊಲಿಗೆ ಹಾಕಿಸ್ತೀನಿ, ಇಲ್ಲ ಸಿಸ್ಟರ್, ಸತ್ಯವಾಗಲೂ, ನಿನ್ನ ಸತ್ಯ ನಂಗೊತ್ತು, ಟೀ ಕುಡಿದವನೂ ನೀನೇ. ಅಕ್ಕ ಅವನ ಮುಖವನ್ನೇ ನೋಡಿದಳು, ಆ ನೋಟಕ್ಕಿಂತ ಎರಡೇಟು ಬಿಗಿದಿದ್ದರೆ ವಾಸಿಯಿತ್ತು, ನಂಬಿಬಿಡಲೇನೋ ತಮ್ಮ, ನಂಬಿದ ಮೇಲೆ ನಗಬೇಡ ಮತ್ತೆ, ಅಂತ ಕೇಳುವ ಕಣ್ಣು, ನಗಲ್ಲ ಅಕ್ಕ, ಆಡಿದ್ದು ನಿಜ, ಹುಲಿ ಬಂತು ಹುಲಿ ಅಂತ ಊರಿಗೆಲ್ಲ ಕೂಗಿದವನ ಮನೆಗೆ ನಿಜವಾದ ಹುಲಿ ಬಂದಾಗ ಅವನು ಯಾರನ್ನು ಕರೆಯಬೇಕು, ಡಾಕ್ಟರನ್ನು ಕರೀರಿ ಸಿಸ್ಟರ್, ಅವರೇ ನೋಡ್ಲಿ, ಕರೀತೀನಿ, ನೀನು ಮಾತ್ರ ಬಾಯಿ ಮುಚ್ಕೊಂಡು ಕೂತ್ಕೊ, ಕೂತಿದ್ದಾನೆ, ಬೆರಳನ್ನೇ ನೋಡುತ್ತ, ಎಲ್ಲಾ ಬಿಟ್ಟು ಈಗ ನಾಚಿಕೊಳ್ಳುತ್ತೀಯಲ್ಲೇ ಬಾಸು.

ಬಾಸು ಅಂದರೆ ಇವಳೇ, ವರ್ಷ ತುಂಬದ ಹೆಣ್ಣುಕೂಸು, ಇಡೀ ಮನೆಯನ್ನು ಒಂದು ಅಳುವಿನಲ್ಲಿ ಸಾಲಾಗಿ ನಿಲ್ಲಿಸುವವಳಿಗೆ ಬೇರೇನು ಕರೆಯುವುದು, ಈಗ ಬೋರಲು ಮಲಗಿದ್ದಾಳೆ, ಬೆನ್ನ ಮೇಲೆ ಬಿಳಿ ಪಟ್ಟಿ, ಕಣಕಾಲಿನ ಕೆಳಗೆ ಸುತ್ತಿಟ್ಟ ಟವೆಲು — ಹುಟ್ಟುವಾಗಲೇ ಬೆನ್ನುಮೂಳೆ ಕೆಳಗಡೆ ಒಂದು ಕಡೆ ಮುಚ್ಚಿಕೊಂಡಿರಲಿಲ್ಲ, ಸ್ಪೈನಾ ಬೈಫಿಡಾ ಅಂದರು, ಅಲ್ಲಿ ನಿಂಬೆಹಣ್ಣಿನಷ್ಟು ಚೀಲ, ಒಳಗೆ ನರ, ಹಾಲು ಕುಡಿಯಲು ಕಲಿಯುವ ಮೊದಲೇ ಆಪರೇಷನ್, ನರವನ್ನು ಒಳಗಿಟ್ಟು ಮುಚ್ಚಿ ಹೊಲಿದರು, ಉಳಿದ ಗೆರೆಗೆ ಅವನು ಜಿಪ್ಪು ಅಂತ ಹೆಸರಿಟ್ಟ, ಅಕ್ಕ ಹೊಡೆಯಲು ಬಂದಳು, ಆಮೇಲೆ ಅವಳೇ ಲೋ ಜಿಪ್ಪಿಗೆ ಮುಲಾಮು ತಾರೋ ಅಂದಳು, ಕಾಲು ಎರಡೂ ಆಡಿದವು, ಎಷ್ಟು ಚೆನ್ನಾಗಿ ಆಡಿದವು ಅಂದರೆ ಅಂಗಡಿಯಿಂದ ಬಂದವನು ತೊಟ್ಟಿಲ ಬುಡದಲ್ಲಿ ಬಗ್ಗಿ, ಗಂಟಲು ಒಡೆದುಕೊಂಡು, ಯಾವನಲೇ ಅದು ನನ್ನ ಏರಿಯಾದಲ್ಲಿ ಕಾಲು ಚಾಚಿರೋದು, ಅಂತ ಅಂಗಾಲಿಗೆ ಬೆರಳಾಡಿಸಿದರೆ ಒದೆ ನೇರ ಮೂಗಿಗೆ, ಆಮೇಲೆ ನಗು, ಹಲ್ಲಿಲ್ಲದ ವಸಡು ತುಂಬ ನಗು, ದಿನವೂ ಅದೇ ಸೀನು, ದಿನವೂ ಹೌಸ್‌ಫುಲ್ — ಒಂದು ದಿನ ಒದೆ ಬೀಳಲಿಲ್ಲ. ಮಾರನೇ ದಿನವೂ ಇಲ್ಲ. ಕಚಗುಳಿಯಿಟ್ಟರೆ ಬಾಸು ಇವನನ್ನು ನೋಡುತ್ತಾಳೆ, ಎದುರಾಳಿಯನ್ನು ಅಳೆಯುವ ಹಾಗೆ, ಮುಖದಲ್ಲಿ ಒಂದು ಗೆರೆಯೂ ಅಲುಗದು, ಇವನೋ, ಬೇರೆ ಯಾರಾದರೂ ಆಗಿದ್ದರೆ ಗಾಬರಿಯಾಗುತ್ತಿದ್ದರು, ಇವನಿಗೆ ಹೆಮ್ಮೆ, ಮಾವನ ರಕ್ತ ಕಣ್ರೀ, ಆಕ್ಟಿಂಗ್ ಕಲಿತುಬಿಟ್ಟಳು, ನನಗೇ ಟಾಂಗ್ ಕೊಡ್ತಾಳೆ, ಬಂದವರ ಮುಂದೆಲ್ಲ ಶೋ, ಇವಳನ್ನು ನಗಿಸಿದವರಿಗೆ ನನ್ನ ಹೊಸ ಹೆಡ್‌ಫೋನು, ಮಹಡಿ ಮೇಲಿನ ಟೈಲರ್ ಆಂಟಿ ಸೋತರು, ಹಾಲು ಹಾಕುವವನು ಸೋತ, ಎಲ್ಲರೂ ಎಡಗಾಲಿಗೇ ಕೈಹಾಕುವುದು, ತೊಟ್ಟಿಲ ಬಲಬದಿ ಗೋಡೆಗೆ ಒತ್ತಿಕೊಂಡಿತ್ತಲ್ಲ, ಅದನ್ನು ಯಾರು ಯೋಚಿಸುತ್ತಾರೆ, ಭಾವ ಬಸ್ಸಿನ ಡ್ಯೂಟಿ ಮುಗಿಸಿ ಬಂದವನು, ಏನಪ್ಪಾ ನಿನ್ನ ಚಾಲೆಂಜು, ಅಂತ ಮಗುವನ್ನೇ ಎತ್ತಿ ಮಡಿಲಿಗೆ ಹಾಕಿಕೊಂಡು ಕೈಗೆ ಸಿಕ್ಕಿದ ಕಾಲಿಗೆ ಕಚಗುಳಿಯಿಟ್ಟ, ಸಿಕ್ಕಿದ್ದು ಬಲಗಾಲು, ಬಾಸು ಕೇಕೆ ಹಾಕಿದಳು, ಕೊಡಪ್ಪಾ ಹೆಡ್‌ಫೋನು, ಅನ್ಯಾಯ ಭಾವ, ಅಪ್ಪ ಅಂತ ಬಿಟ್ಟುಕೊಟ್ಟಳು, ನಗುವೋ ನಗು, ಅಕ್ಕನೊಬ್ಬಳೇ ಅಡುಗೆಮನೆ ಬಾಗಿಲಲ್ಲಿ ಸೌಟು ಹಿಡಿದು ನಿಂತವಳು, ರೀ, ಆ ಕಾಲಿಗಿಡಿ, ಇಟ್ಟ, ಏನಿಲ್ಲ, ಈ ಕಾಲಿಗಿಡಿ, ಕೇಕೆ, ಇನ್ನೊಂದ್ಸಲ ಆ ಎಡಗಾಲಿಗೇ ಇಡಿ, ಏನಿಲ್ಲ — ಸೌಟಿನಿಂದ ಸಾರು ತೊಟ್ಟಿಕ್ಕುವುದು ಕೇಳಿಸುತ್ತಿತ್ತು, ಹೆಬ್ಬೆರಳು ಭಾವನ ಅಂಗೈಯಲ್ಲಿ ಬೇರೆ ಯಾರದೋ ವಸ್ತುವಿನ ಹಾಗೆ ಬಿದ್ದಿತ್ತು.

ಸ್ಕ್ಯಾನಿನ ಕಪ್ಪು ಹಾಳೆಯನ್ನು ಬೆಳಕಿಗೆ ಹಿಡಿದು ಡಾಕ್ಟರು, ನೋಡಮ್ಮಾ, ಮೊದಲನೇ ಆಪರೇಷನ್ ಆದ ಜಾಗದಲ್ಲೇ ಸಿಸ್ಟ್ ಆಗಿದೆ, ಆವತ್ತು ಮುಚ್ಚುವಾಗ ಕಣ್ಣಿಗೆ ಕಾಣದಷ್ಟು ಚರ್ಮದ ಕಣ ಒಳಗೆ ಉಳಿದಿರತ್ತೆ, ಅದು ಅಲ್ಲೇ ಬೆಳೀತಾ ಬೆಳೀತಾ ಗಂಟಾಗಿ ನರಾನ ಒತ್ತುತ್ತೆ, ಕೆಲವು ಮಕ್ಕಳಲ್ಲಿ ಹೀಗಾಗತ್ತೆ, ಯಾರ ತಪ್ಪೂ ಅಲ್ಲ, ಅಕ್ಕ ತನ್ನ ತಪ್ಪಿನ ಪಟ್ಟಿಯನ್ನು ಆಗಲೇ ಮನಸ್ಸಿನಲ್ಲಿ ಶುರುಮಾಡಿದ್ದಳು, ಮುಖ ನೋಡಿದರೆ ಗೊತ್ತಾಗುತ್ತದೆ, ಇವನಿಗೆ ಥಟ್ಟನೆ ಹೊಳೆಯಿತು, ಸಾರ್, ಸ್ಕ್ರೀನ್ ಗಾರ್ಡ್ ಅಂಟಿಸುವಾಗ ಧೂಳು ಒಳಗೆ ಸೇರ್ಕೊಂಡು ಗುಳ್ಳೆ ಬರತ್ತಲ್ಲ, ಹಂಗೆ, ಎಷ್ಟೇ ಒರೆಸಿದ್ರೂ ಒಂದು ಕಣ ಉಳಿಯೋದು ಉಳಿಯತ್ತೆ, ಹಂಗೇ ಕಣಪ್ಪ, ನೀವೇನು ಮಾಡ್ತೀರಿ ಆವಾಗ, ಟೇಪ್ ಅಂಟಿಸಿ ಎತ್ತಿ ತೆಗೀತೀವಿ ಸಾರ್, ನಾನೂ ತೆಗೀತೀನಿ, ಟೇಪ್ ಬೇಡ, ಅಷ್ಟೊತ್ತಿಗೆ ಅಕ್ಕನೂ ಚೂರು ನಕ್ಕಳು, ಆದರೆ ನಕ್ಕವಳೇ ಕೇಳಿದಳು, ಕಾಲು, ಮತ್ತೆ ಮೊದಲಿನ ಥರ ಆಗತ್ತಾ, ಡಾಕ್ಟರು ಹಾಳೆ ಕೆಳಗಿಟ್ಟರು, ಇನ್ನೂ ಹಾಳಾಗದೇ ಇರೋ ಹಾಗೆ ನೋಡ್ಕೋತೀವಿ, ಹೋಗಿರೋದು ವಾಪಸ್ ಬರತ್ತೆ ಅಂತ ನಾನು ಮಾತು ಕೊಡಲ್ಲಮ್ಮ. ಆ ಗಂಟು ತೆಗೆದಾಯಿತು, ಈಗ ಡಾಕ್ಟರು ಬಂದರು, ಬೂಟಿನ ಸದ್ದು ಅವರದೇ, ಹಿಂದೆ ಹಿರಿ ನರ್ಸು, ಏನಪ್ಪಾ, ನನ್ನ ದನೀಲಿ ಟೀ ತರಿಸ್ತೀಯಂತೆ, ಸಕ್ಕರೆ ಹಾಕಿಸ್ಕೊಂಡ್ಯಾ, ನನ್ನ ಟೀಗೆ ಸಕ್ಕರೆ ಇಲ್ಲ, ನೆನಪಿಟ್ಕೊ, ಈಗ ಹೇಳು, ಬೆರಳು ಆಡಿದ್ದು ಹೆಂಗೆ, ಸಾರ್ ನಾನು ಒಂದು ಸಲ ಹಿಂಗೆ ಕಚಗುಳಿ, ತಡಿ, ಯೋಚನೆ ಮಾಡಿ ಹೇಳು, ಮುಟ್ಟಿದ್ದಕ್ಕೆ ಆಡ್ತೋ, ಮುಟ್ಟದೇ ಆಡ್ತೋ, ಯಾಕೆ ಸಾರ್, ವ್ಯತ್ಯಾಸ ಇದೆಯಪ್ಪ, ಮುಟ್ಟಿದಾಗ ಆಡಿದ್ರೆ ಅದು ಬರೀ ರಿಫ್ಲೆಕ್ಸ್ ಇರಬಹುದು, ತಲೆಗೆ ಸುದ್ದಿಯೇ ಇರಲ್ಲ, ಬೆರಳು ಅದರ ಪಾಡಿಗೆ ಅದು ಆಡತ್ತೆ, ಮಗು ತಾನಾಗೇ ಆಡಿಸಿದ್ರೆ ಅದರ ಕಥೆಯೇ ಬೇರೆ, ತಲೆಯಿಂದ ಬೆರಳಿನ ತನಕ ದಾರಿ ತೆರೆದಿದೆ ಅಂತ. ಅಕ್ಕ ಇವನನ್ನು ನೋಡುತ್ತಿದ್ದಾಳೆ, ಭಾವ ಮುಚ್ಚಳವನ್ನು ತಿರುಗಿಸುತ್ತಿದ್ದಾನೆ, ಅವನ ಹೀರೋ ಪೋಸ್ಟರು ಹರಿದು ಬೀಳುತ್ತಿದೆ, ಬೀಳಲಿ ಬಿಡು, ಇಂಥಾ ಪೋಸ್ಟರು ಹರಿದರೆ ಹಬ್ಬ, ಸಾರ್, ನಾನು ಮುಟ್ಟಲೇ ಇಲ್ಲ. ಏನು. ಮುಟ್ಟಲಿಲ್ಲ ಸಾರ್, ಕೈ ಚಾಚಿದ್ದೆ, ಇಷ್ಟು ದೂರ, ಮುಟ್ಟಿ ಅದು ಆಡದೆ ಹೋದ್ರೆ ಅಂತ ಭಯ ಆಯ್ತು, ಕೈ ಅಲ್ಲೇ ನಿಂತ್ಕೊಳ್ತು, ಡೈಲಾಗೂ ಬರಲಿಲ್ಲ, ಸುಮ್ಮನೆ ನೋಡ್ತಾ ಕೂತಿದ್ದೆ, ಅವಳೇ, ಅವಳ ಪಾಡಿಗೆ ಅವಳೇ — ಪಾಪಿ, ಅಕ್ಕನ ದನಿ ಒಡೆಯಿತು, ಮೊದಲೇ ಹೇಳೋಕೇನಾಗಿತ್ತು ನಿಂಗೆ, ಅಂತ ಅವನ ಭುಜಕ್ಕೊಂದು ಗುದ್ದು, ಗುದ್ದಿದ ಕೈ ಅಲ್ಲೇ ಅಂಗಿಯನ್ನು ಹಿಡಿದುಕೊಂಡಿತು, ಡಾಕ್ಟರು ಒಂದು ಹೆಜ್ಜೆ ಹಿಂದೆ ಸರಿದರು, ಹಾಗಾದ್ರೆ ಯಾರೂ ಮುಟ್ಟಬೇಡಿ, ನೋಡೋಣ, ನರ್ಸಿನ ಕೈ ಹೊದಿಕೆಯನ್ನು ಅಷ್ಟೇ ಮೆಲ್ಲಗೆ ಮೇಲಕ್ಕೆ ಸರಿಸಿ ಹಿಂದಕ್ಕೆ ಹೋಯಿತು, ಬಾಸು ನಿದ್ದೆಯಲ್ಲಿ ತುಟಿ ಚೀಪಿದಳು, ಒಂದು ಕಣ್ಣು ಅರ್ಧ ತೆರೆದಳು, ಇಷ್ಟು ಜನ ತನ್ನ ಏರಿಯಾದಲ್ಲಿ ಏನು ಮಾಡುತ್ತಿದ್ದಾರೆ ಅಂತ, ಯಾರೂ ಮುಟ್ಟಿಲ್ಲ, ಅವನ ಎರಡೂ ಕೈ ಅವನ ಕಂಕುಳಲ್ಲಿ, ಟವೆಲಿನಾಚೆ ಹೆಬ್ಬೆರಳು, ಬಟಾಣಿಗಿಂತ ಕೊಂಚ ದಪ್ಪ, ಪಕ್ಕದ ಬೆರಳುಗಳನ್ನು ಬಿಟ್ಟು, ಒಂಟಿಯಾಗಿ, ನಿಧಾನಕ್ಕೆ, ಮೇಲಕ್ಕೆ